ಪ್ರಾಣಿಗಳ ಕೆಲಸಾನೇ ಮಾಡಬೇಕು ಅಂತಿದೆ. ವೆಟರ್ನರಿಯಾ, ಕಾಡಾ, ಇನ್ನೇನಾದರೂ ಇದೆಯಾ?

ತೆಂಗಿನತೋಟದ ಹುಡುಗಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಉದ್ದ ಆಯ್ತು ಅಂತ ಬೈಯಬೇಡಿ.

ನಾನು ಅರಸೀಕೆರೆ ಕಡೆಯವಳು. ಈ ವರ್ಷ ಸೆಕೆಂಡ್ ಪಿಯು ಮುಗಿಯಿತು, ಪಿಸಿಎಂಬಿ. ಸಿಇಟಿ ರ‍್ಯಾಂಕ್ ಸುಮಾರಾಗಿದೆ. ಇಂಜಿನಿಯರಿಂಗ್ ಸಿಗುತ್ತದೆ, ವೆಟರ್ನರಿ ಸಿಕ್ಕರೂ ಸಿಗಬಹುದು. ಅಪ್ಪನಿಗೆ ಕಂಪ್ಯೂಟರ್ ಸೈನ್ಸ್ ಆಸೆ. ಸೋದರಮಾವ ಬೆಂಗಳೂರಲ್ಲಿದ್ದಾರೆ, ಅವರದೂ ಅದೇ ರಾಗ.

ನನಗೆ ಪ್ರಾಣಿಗಳ ಕೆಲಸ ಬೇಕು. ಯಾಕೆ ಅಂತ ಕೇಳಿದರೆ ಮನೆಯಲ್ಲಿ ಸರಿಯಾಗಿ ಹೇಳಲು ಬಾಯಿ ಬರುವುದಿಲ್ಲ. ಇಲ್ಲಿ ಹೇಳುತ್ತೇನೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನಮ್ಮ ಹಸು ಗೌರಿ ಹೋದಳು. ಮೈತುಂಬಾ ಗಂಟು. ಮುಂಗಾಲು ಊದಿಕೊಂಡು, ಮಲಗಿದರೆ ಏಳಲು ಆಗುತ್ತಿರಲಿಲ್ಲ. ಅಮ್ಮ ಬೇವಿನಸೊಪ್ಪು, ಅರಿಶಿನ ಅರೆದು ಹಚ್ಚುತ್ತಿದ್ದಳು. ನಾನು ಟವೆಲ್ ಹಿಡಿದು ನೊಣ ಓಡಿಸುತ್ತಾ ಕೂತಿರುತ್ತಿದ್ದೆ. ಒಂಬತ್ತನೇ ದಿನ ಎರಡು ತಿಂಗಳ ಕರು ಬಿಟ್ಟು ಹೋದಳು. ಆಗ ನಮ್ಮ ಕಡೆಗೆಲ್ಲ ಓಡಾಡುತ್ತಿದ್ದ ಡಾಕ್ಟರ್ ಒಬ್ಬರೇ. ಬೈಕ್ ಮೇಲೆ ಕೂತೇ ತೂಕಡಿಸುತ್ತಿದ್ದರು. ಆವತ್ತಿನಿಂದ ಈ ಹುಚ್ಚು.

ಆದರೆ ಯೂಟ್ಯೂಬ್ ತೆಗೆದರೆ ಹುಲಿ, ಆನೆ, ಜೀಪು, ಕ್ಯಾಮೆರಾ. ಅದೂ ಇಷ್ಟ ಆಗುತ್ತೆ, ಸುಳ್ಳು ಯಾಕೆ ಹೇಳಲಿ.

ವೆಟರ್ನರಿ ಸಿಗದಿದ್ದರೆ ದಾರಿ ಮುಚ್ಚಿದ ಹಾಗಾ? ಕಾಡಿನ ಕೆಲಸಕ್ಕೆ ಏನು ಓದಬೇಕು? ಸಂಬಳದಲ್ಲಿ ಮನೆ ನಡೆಯುತ್ತಾ? ಕೊನೆಯದು ಅಪ್ಪನ ಪ್ರಶ್ನೆ.

ಬೆಂಚ್ ಮೇಲಿದ್ದೇನೆ

ಕಂಪ್ಯೂಟರ್ ಸೈನ್ಸ್ ತಗೊಳ್ಳಿ, ಶನಿವಾರ ಭಾನುವಾರ ಬೀದಿನಾಯಿಗೆ ಬಿಸ್ಕೆಟ್ ಹಾಕಿ. ಎರಡೂ ಆಯ್ತು.

ದನದ ಡಾಕ್ಟ್ರಮ್ಮ

ಸಿಹಿ ಬಿಸ್ಕೆಟ್ ಹಾಕಬೇಡಿ ಮಾರಾಯ್ರೆ. ಅನ್ನ ಹಾಕಿ, ಇಲ್ಲ ಸುಮ್ನೆ ಇರಿ.

ಪುಟ್ಟಾ, ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಪಶುವೈದ್ಯೆ, 19 ವರ್ಷ ಆಯ್ತು. ನಿಮ್ಮ ಗೌರಿ ಹೋದ ವರ್ಷ ನಾನೂ ಹಾಗೇ ತೂಕಡಿಸುತ್ತಾ ಓಡಾಡಿದವಳು. ಆ ರೋಗಕ್ಕೇ ಅಂತ ಮಾಡಿದ ಲಸಿಕೆ ಆಗ ನಮ್ಮ ಕೈಲಿರಲಿಲ್ಲ. ಮೇಕೆ ಸಿಡುಬಿನ ಲಸಿಕೆಯನ್ನೇ ದನಕ್ಕೆ ಹಾಕಿದೆವು. ಎರಡೂ ವೈರಸ್ ದಾಯಾದಿಗಳು, ಅದಕ್ಕೇ ಅಷ್ಟೋ ಇಷ್ಟೋ ತಡೆಯುತ್ತೆ. ಲಸಿಕೆ ತಲುಪುವ ಮೊದಲೇ ರೋಗ ತಲುಪಿದ್ದ ಊರುಗಳೂ ಇದ್ದವು. ನಿಮ್ಮದು ಅಂಥದ್ದೇ ಇರಬೇಕು.

ಓದಿನ ವಿಷಯ. ಪಶುವೈದ್ಯ ಡಿಗ್ರಿ ಬಿವಿಎಸ್‌ಸಿ ಐದೂವರೆ ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಬೀದರ್‌ನಲ್ಲಿರುವ ಪಶು ವಿಶ್ವವಿದ್ಯಾಲಯದ ಕೆಳಗೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಗದಗದಲ್ಲೆಲ್ಲ ಕಾಲೇಜಿದೆ. ಹಾಸನದಲ್ಲೂ ಇದೆ, ನಿನಗೆ ಮನೆ ಬಾಗಿಲಲ್ಲೇ. ಹೆಬ್ಬಾಳದ್ದು 1958ರಷ್ಟು ಹಳೆಯದು. ಸೀಟು ಸಿಇಟಿ ಮೂಲಕ. ನೂರರಲ್ಲಿ 15 ಸೀಟು ಅಖಿಲ ಭಾರತ ಕೋಟಾ, ಅದಕ್ಕೆ ನೀಟ್ ಬೇಕು. ಕೃಷಿಕರ ಕೋಟಾಕ್ಕೆ ಅರ್ಜಿ ಹಾಕಿ ಪ್ರಾಕ್ಟಿಕಲ್ ಮಾಡಿದ್ದೀಯಾ?

ಈಗ ಯೂಟ್ಯೂಬ್‌ನಲ್ಲಿ ಇಲ್ಲದ್ದು ಹೇಳುತ್ತೇನೆ. ಹೋದ ತಿಂಗಳು ರಾತ್ರಿ 11ಕ್ಕೆ ಫೋನ್. ಹಸು ಮಧ್ಯಾಹ್ನದಿಂದ ತಿಣುಕುತ್ತಿದೆ, ಕರು ಬರುತ್ತಿಲ್ಲ. ಹೋಗಿ ನೋಡಿದರೆ ಕರುವಿನ ಒಂದು ಕಾಲು ಹೊರಗೆ, ಇನ್ನೊಂದು ಮೊಣಕಾಲಲ್ಲಿ ಮಡಚಿ ಒಳಗೆ. ಮನೆಯವರು ಹೊರಗಿದ್ದ ಕಾಲಿಗೆ ಹಗ್ಗ ಕಟ್ಟಿ ನಾಲ್ಕು ಜನ ಜಗ್ಗಿದ್ದರು. ಹಾಗೆ ಜಗ್ಗಿದಷ್ಟೂ ಒಳಗಿನ ಕಾಲು ಬಿಗಿಯುತ್ತದೆ. ತೋಳಿನ ಬುಡದವರೆಗೆ ಸೋಪು ಹಾಕಿ ತೊಳೆದು, ಪ್ಯಾರಾಫಿನ್ ಸವರಿಕೊಂಡು ಕೈ ಹಾಕಿದೆ. ಹಸು ತಿಣುಕಿದಾಗ ನನ್ನ ಕೈ ಅದರ ಮೂಳೆಗೂ ಕರುವಿಗೂ ನಡುವೆ ಸಿಕ್ಕಿ ಬೆರಳೆಲ್ಲ ಜೋಮು. ಅದು ಸುಧಾರಿಸಿಕೊಳ್ಳುವ ಆ ಅರೆ ನಿಮಿಷದಲ್ಲಿ ಕರುವನ್ನು ಹಿಂದಕ್ಕೆ ತಳ್ಳಬೇಕು. ಹೊರಗೆ ಎಳೆಯಲು ಕರೆಸಿದವಳು ಒಳಕ್ಕೆ ತಳ್ಳುತ್ತಿದ್ದಾಳಲ್ಲ ಅಂತ ಯಜಮಾನನಿಗೆ ಗಾಬರಿ. ಒಳಗೆ ಸ್ವಲ್ಪ ಜಾಗ ಆದ ಮೇಲೆ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಗರ್ಭಕೋಶಕ್ಕೆ ಗೀರದ ಹಾಗೆ, ಕಾಲನ್ನು ಮುಂದಕ್ಕೆ ತಂದೆ. ಆಮೇಲೆ ಎಳೆಯಲು ಇಬ್ಬರು ಸಾಕಾಯಿತು. ಅದೂ ಹಸು ತಿಣುಕಿದಾಗ ಮಾತ್ರ.

ಕರು ಬಿತ್ತು, ಉಸಿರಿಲ್ಲ. ಬಾಯಿಂದ ಲೋಳೆ ತೆಗೆದು ಮೂಗಿನ ಹೊಳ್ಳೆಗೆ ಹುಲ್ಲುಕಡ್ಡಿ ಹಾಕಿ ಕೆಣಕಿದೆ. ಎರಡನೇ ಸಲಕ್ಕೆ ಸೀನಿತು. ಮೂಲೆಯಲ್ಲಿ ಕೂತಿದ್ದ ಅಜ್ಜಿ, "ಹೆಣ್ಣುಮಗಳ ಕೈ ಸಣ್ಣದು, ಅದಕ್ಕೇ ಆಯ್ತು" ಅಂದರು. ನಾನು ಬಂದಾಗ "ಗಂಡಸರು ಯಾರೂ ಇರಲಿಲ್ವಾ" ಅಂದವರೂ ಅವರೇ. ಮಾರನೇ ದಿನ ಗಿಣ್ಣು ಕಳಿಸಿದ್ದರು.

ಇಂಥ ರಾತ್ರಿ ತಿಂಗಳಿಗೆ ಒಂದೋ ಎರಡೋ. ಉಳಿದ ದಿನ ಕೆಚ್ಚಲು ಬಾವು, ಕೃತಕ ಗರ್ಭಧಾರಣೆ, ಕಾಲುಬಾಯಿ ಲಸಿಕೆ, ಅದನ್ನು ಮೊಬೈಲ್‌ಗೆ ಏರಿಸುವುದು, ವಿಮೆಗಾಗಿ ಸತ್ತ ಹಸುವಿನ ಕಿವಿಯೋಲೆ ನಂಬರ್ ಬರೆದುಕೊಂಡು ಪೋಸ್ಟ್‌ಮಾರ್ಟಂ. ಇನ್ನೊಂದು ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೆಣ್ಣು ಕರುವಿಗೆ ಹುಷಾರಿಲ್ಲ ಅಂದರೆ ನಡುರಾತ್ರಿ ಫೋನ್ ಬರುತ್ತದೆ. ಗಂಡು ಕರು ಅಂದರೆ ಬರುವುದಿಲ್ಲ. ಅದನ್ನು ನುಂಗಿಕೊಂಡು ಅದೇ ಮನೆಗೆ ನಾಳೆ ಮತ್ತೆ ಹೋಗಲು ಬರಬೇಕು.

ಮನೆ ನಡೆಯುತ್ತಾ ಅಂದರೆ, ಸರ್ಕಾರಿ ಕೆಲಸ ಆದರೆ ಧಾರಾಳ ನಡೆಯುತ್ತೆ ಅಂತ ಅಪ್ಪನಿಗೆ ಹೇಳು.

ತೆಂಗಿನತೋಟದ ಹುಡುಗಿ

ಮೇಡಂ, ಎರಡು ಸಲ ಓದಿದೆ. ಕೃಷಿಕರ ಕೋಟಾ ಹಾಕಿದ್ದೇನೆ. ಪ್ರಾಕ್ಟಿಕಲ್‌ನಲ್ಲಿ ಒಂದು ಬೀಜ ಗುರುತಿಸಲಿಲ್ಲ. ಮನೆಗೆ ಬಂದು ಕೇಳಿದರೆ ಹುಚ್ಚೆಳ್ಳು. ಅಜ್ಜಿ ಒಂದು ವಾರ ಆಡಿಕೊಂಡು ನಕ್ಕರು.

ಬೀಟ್ ನಂಬರ್ ಏಳು

ತಂಗಿ, ಕಾಡಿನ ಪ್ರಶ್ನೆಗೆ ನಾನು ಹೇಳುತ್ತೇನೆ. ವಾಚರ್‌ಗೆ ಎಸ್‌ಎಸ್‌ಎಲ್‌ಸಿ, ಗಾರ್ಡ್‌ಗೆ ಪಿಯುಸಿ. ಈಗ ಕಾಗದದಲ್ಲಿ ನಮ್ಮ ಹೆಸರು ಗಸ್ತು ಅರಣ್ಯ ಪಾಲಕ. ಊರಲ್ಲಿ ಇವತ್ತಿಗೂ ಗಾರ್ಡೇ.

ನಮ್ಮ ಕಳ್ಳಬೇಟೆ ತಡೆ ಶಿಬಿರದಲ್ಲಿ ಐದು ಜನ. ಸುತ್ತ ಆನೆ ದಾಟದ ಹಾಗೆ ಕಂದಕ. ಬೆಳಗ್ಗೆ ಮುದ್ದೆ ಉಂಡು ಹೊರಟರೆ ಮಧ್ಯಾಹ್ನದ ಮೇಲೆ ವಾಪಸ್. ಫೋನ್‌ನಲ್ಲಿ ಗಸ್ತಿನ ಆ್ಯಪ್ ಓಡುತ್ತಿರಬೇಕು, ನಡೆದ ದಾರಿಯೆಲ್ಲ ಗೆರೆಯಾಗಿ ಬೀಳುತ್ತದೆ. ಸಿಗ್ನಲ್ ಸಿಗುವ ಬಂಡೆ ಒಂದೇ ಒಂದಿದೆ. ಅದಕ್ಕೆ ಟವರ್ ಬಂಡೆ ಅಂತ ನಾವೇ ಹೆಸರಿಟ್ಟಿದ್ದೇವೆ. ಮಗಳ ಹುಟ್ಟುಹಬ್ಬಕ್ಕೆ ಅದರ ಮೇಲೆ ನಿಂತು ಹಾಡಿದ್ದೇನೆ. ಕೆಳಗೆ ಕಾಟಿ ಮೇಯುತ್ತಿತ್ತು, ತಲೆ ಎತ್ತಿ ನೋಡಿ ಮತ್ತೆ ಮೇಯಿತು.

ಮಳೆಗಾಲದಲ್ಲಿ ಜಿಗಣೆ, ಬೇಸಿಗೆಯಲ್ಲಿ ಬೆಂಕಿ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹತ್ತಿಕೊಂಡಾಗ ಹಸಿ ಕೊಂಬೆ ಹಿಡಿದು ಬಡಿದವರಲ್ಲಿ ನಾನೂ ಒಬ್ಬ. ಒಣಗಿದ ಲಂಟಾನ ಪೊದೆಗೆ ಬೆಂಕಿ ಬಿದ್ದರೆ ಕೇಳಬೇಡ, ಸೀಮೆಎಣ್ಣೆ ಸುರಿದ ಹಾಗೆ.

ಹುಲಿ ಸತ್ತರೆ ಕಾವಲು ಕೂರುವುದೂ ನಾವೇ. 18 ಉಗುರು, ನಾಲ್ಕು ಕೋರೆ ಹಲ್ಲು ಇದೆಯಾ ಅಂತ ಎಣಿಸಿ, ಡಾಕ್ಟರ್ ಬಂದು ಕೊಯ್ದು ನೋಡಿ, ಎಲ್ಲರ ಕಣ್ಣೆದುರು ಪೂರ್ತಿ ಸುಡಬೇಕು. 2023ರಲ್ಲಿ ಟಿವಿ ತುಂಬಾ ಹುಲಿ ಉಗುರಿನ ಲಾಕೆಟ್ ಗಲಾಟೆ ಆಯ್ತಲ್ಲ, ಅದಕ್ಕೇ ಈ ಎಣಿಕೆ. ನಾನು ಮೊದಲ ಸಲ ಕಾವಲು ಕೂತಾಗ ಆ ಹೊಗೆ ವಾಸನೆ ಎರಡು ಸಲ ಒಗೆದರೂ ಅಂಗಿಯಿಂದ ಹೋಗಲಿಲ್ಲ.

ಪರ್ಮನೆಂಟ್ ಆದವರಿಗೆ ಸಂಬಳ ಪರವಾಗಿಲ್ಲ. ಹೊರಗುತ್ತಿಗೆ ವಾಚರ್‌ಗಳಿಗೆ ತೀರಾ ಕಡಿಮೆ, ಆದರೆ ಕಾಡು ಗೊತ್ತಿರುವುದು ಅವರಿಗೇ. ನಮ್ಮ ಜೊತೆ ಜೇನುಕುರುಬರ ಒಬ್ಬರು ಇದ್ದಾರೆ. ಗಾಳಿ ಮೂಸಿ ಆನೆ ಯಾವ ಕಡೆ ಇದೆ ಅಂತ ಹೇಳುತ್ತಾರೆ. ನನಗೆ ಹತ್ತು ವರ್ಷ ಆದರೂ ಬಂದಿಲ್ಲ.

ನಿನಗೆ ಮಾರ್ಕ್ಸ್ ಇದೆ, ಗಾರ್ಡ್‌ಗೆ ನಿಲ್ಲಬೇಡ. ಪೊನ್ನಂಪೇಟೆ, ಶಿರಸಿಯಲ್ಲಿ ಫಾರೆಸ್ಟ್ರಿ ಕಾಲೇಜಿದೆ. ನಾಲ್ಕು ವರ್ಷ, ಅದೂ ಸಿಇಟಿಯಲ್ಲೇ. ಆರ್‌ಎಫ್‌ಒ, ಎಸಿಎಫ್ ಅಂತ ಅರಣ್ಯಾಧಿಕಾರಿ ಹುದ್ದೆಗೆ ಕರೆದಾಗ ಆ ಡಿಗ್ರಿಯವರಿಗೆ ಅಂತ ಪಾಲು ಇಡುತ್ತಾರೆ. ಇನ್ನೂ ಮೇಲೆ ಅಂದರೆ ಭಾರತೀಯ ಅರಣ್ಯ ಸೇವೆ, ಐಎಫ್‌ಎಸ್, ಯುಪಿಎಸ್‌ಸಿ ಪರೀಕ್ಷೆ. ವೆಟರ್ನರಿ ಓದಿದವರೂ ಬರೆಯಬಹುದು. ಅದರಲ್ಲಿ ನಡಿಗೆ ಪರೀಕ್ಷೆ ಇದೆ. ನಾಲ್ಕು ಗಂಟೆಯಲ್ಲಿ ಗಂಡಸರು 25 ಕಿಲೋಮೀಟರ್, ಹೆಂಗಸರು 14. ತೆಂಗಿನತೋಟದಲ್ಲಿ ಈಗಲೇ ಶುರು ಮಾಡು.

ಹಾವು ಹಿಡಿಯೋ ಹುಡುಗ

ನಾನು ಯಾವ ಡಿಗ್ರಿನೂ ಇಲ್ಲದೆ ಹಾವು ರಕ್ಷಣೆ ಮಾಡುತ್ತೇನೆ. ಬರಿಗೈ. ಪೇಜ್‌ನಲ್ಲಿ ವಿಡಿಯೊ ಇದೆ, ನೋಡಿ.

ದನದ ಡಾಕ್ಟ್ರಮ್ಮ

ನೋಡುವುದಿಲ್ಲ. ನಾಗರಹಾವಿನ ಬಾಲ ಹಿಡಿದು ಕ್ಯಾಮೆರಾ ಕಡೆ ನೋಡುವವರು ಯಾರ ರಕ್ಷಣೆ ಮಾಡುತ್ತಿದ್ದಾರೋ ಗೊತ್ತಾಗಲ್ಲ. ವಿಷನಿರೋಧಕ ಔಷಧ ಇರುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ಅದೂ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರೆ. ಕೊಕ್ಕೆ, ಚೀಲ, ಅರಣ್ಯ ಇಲಾಖೆಯ ಅನುಮತಿ ಇಟ್ಟುಕೊಂಡು ಮಾಡು ಮಗಾ. ನಿನ್ನ ಅಮ್ಮನ ಮುಖ ನೆನೆಸಿಕೋ.

ಹಿಕ್ಕೆ ಹುಡುಕೋನು

ವನ್ಯಜೀವಿ ಸಂಶೋಧನೆ ಅಂತ ಇನ್ನೊಂದು ದಾರಿ ಇದೆ, ನಾನು ಅದರಲ್ಲಿದ್ದೇನೆ. ನಮ್ಮಮ್ಮನಿಗೆ ಇವತ್ತಿಗೂ ನನ್ನ ಕೆಲಸ ಅರ್ಥ ಆಗಿಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ "ಜಿಂಕೆ ಹಿಕ್ಕೆ ಎಣಿಸ್ತಾನೆ" ಅಂದುಬಿಟ್ಟರು. ಸುಳ್ಳೇನಲ್ಲ. ಹಿಕ್ಕೆ ಎಣಿಸಿದರೆ ಯಾವ ಜಾಗವನ್ನು ಜಿಂಕೆ ಎಷ್ಟು ಬಳಸುತ್ತವೆ ಅಂತ ತಿಳಿಯುತ್ತದೆ, ಜಿಂಕೆ ತಿಳಿದರೆ ಹುಲಿ ತಿಳಿಯುತ್ತದೆ. ಆ ಸಂಬಂಧ ಮಾತ್ರ ಕೂಡಿಬರಲಿಲ್ಲ.

ಯಾವುದಾದರೂ ಬಿಎಸ್‌ಸಿ ಅಥವಾ ವೆಟರ್ನರಿ, ಫಾರೆಸ್ಟ್ರಿ ಮಾಡಿ ಆಮೇಲೆ ಎಂಎಸ್‌ಸಿಗೆ ಬರಬಹುದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಭಾಗ ಇದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ಎಂಎಸ್‌ಸಿ ಇದೆ, ಸೀಟು ಬಹಳ ಕಡಿಮೆ. ಡೆಹ್ರಾಡೂನ್‌ನಲ್ಲಿ 1982ರಲ್ಲಿ ಶುರುವಾದ ಭಾರತೀಯ ವನ್ಯಜೀವಿ ಸಂಸ್ಥೆ ಇದೆ.

ಆದರೆ ಗಣಿತ ಬಿಡಬೇಡಿ. ನಾನು ಬಿಟ್ಟು ಅನುಭವಿಸಿದ್ದೇನೆ. 2022ರ ಎಣಿಕೆಯಲ್ಲಿ ಕರ್ನಾಟಕಕ್ಕೆ 563 ಹುಲಿ ಅಂತ ಬಂತಲ್ಲ, ಅದು ಯಾರೋ ಕೂತು ಒಂದು ಎರಡು ಮೂರು ಅಂತ ಎಣಿಸಿದ್ದಲ್ಲ. ಕಾಡುದಾರಿಯ ಎರಡು ಬದಿಗೆ ಎದುರುಬದುರು ಎರಡು ಕ್ಯಾಮೆರಾ ಕಟ್ಟುತ್ತೇವೆ. ಹುಲಿಯ ಎಡ ಮಗ್ಗುಲಿನ ಪಟ್ಟೆ ಬೇರೆ, ಬಲ ಮಗ್ಗುಲಿನದು ಬೇರೆ, ಎರಡೂ ಬೇಕು. ಸಿಕ್ಕ ಹುಲಿ ಎಷ್ಟು, ಮತ್ತೆ ಮತ್ತೆ ಸಿಕ್ಕವು ಎಷ್ಟು ಅನ್ನುವುದರಿಂದ ಸಿಗದೇ ಉಳಿದವು ಎಷ್ಟಿರಬಹುದು ಅಂತ ಲೆಕ್ಕ ಹಾಕುವುದು. ಪೂರ್ತಿ ಸಂಖ್ಯಾಶಾಸ್ತ್ರ. ಕ್ಯಾಮೆರಾದಲ್ಲಿ ಬರುವ ಫೋಟೊ ಬೇರೆ ಕಥೆ. ಮುಕ್ಕಾಲು ಪಾಲು ದನ, ಗಾಳಿಗೆ ಆಡಿದ ಹುಲ್ಲು, ಹತ್ತಿರ ಬಂದು ಹಲ್ಲು ಕಿಸಿದ ಮುಸುವ. ಬೆಳಗ್ಗೆಯಿಂದ ಸಂಜೆವರೆಗೆ ಕಂಪ್ಯೂಟರ್ ಮುಂದೆ ಕೂತು ಅದನ್ನೆಲ್ಲ ಬೇರೆ ಮಾಡಬೇಕು.

ಸಂಬಳ? ಪ್ರಾಜೆಕ್ಟ್ ಇರುವವರೆಗೆ. ಅಪ್ಪನ ಹತ್ತಿರ ಇದನ್ನು ಮೆಲ್ಲಗೆ ಹೇಳಿ.

ಕಾಫಿಗಿಡದ ಕೆಳಗೆ

ಇಷ್ಟೂ ಓದಿದೆ. ಒಬ್ಬರೂ ನಮ್ಮ ವಿಷಯ ಎತ್ತಲಿಲ್ಲ.

ನಾನು ಸಕಲೇಶಪುರ ಕಡೆ. ಎರಡು ಎಕರೆ ಗದ್ದೆ, ಸ್ವಲ್ಪ ಕಾಫಿ. ತೆನೆ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಆನೆ ಬರುತ್ತವೆ. ಯಾರು ತಿಥಿ ನೋಡಿ ಹೇಳುತ್ತಾರೋ ಗೊತ್ತಿಲ್ಲ. ತಿಂದಿದ್ದಕ್ಕಿಂತ ತುಳಿದದ್ದೇ ಜಾಸ್ತಿ. 2023ರಲ್ಲಿ ರಾಜ್ಯದಲ್ಲಿ 6,395 ಆನೆ ಇವೆ ಅಂತ ಪೇಪರ್‌ನಲ್ಲಿ ಬಂದಾಗ ಪಟ್ಟಣದವರು ಖುಷಿಪಟ್ಟರು. ನಮ್ಮ ಮಕ್ಕಳು ಇವತ್ತಿಗೂ ಆನೆ ದಾಟಿತಾ ಅಂತ ಕೇಳಿಕೊಂಡೇ ಸ್ಕೂಲಿಗೆ ಹೊರಡುವುದು.

ಹಾಗಂತ ನಾವು ರಾಕ್ಷಸರಲ್ಲ. ದಸರಾ ಆನೆ ಅರ್ಜುನ ಸತ್ತದ್ದು ಇಲ್ಲೇ ಯಸಳೂರು ಕಾಡಿನಲ್ಲಿ, 2023ರ ಡಿಸೆಂಬರ್ 4ರಂದು. ಎಂಟು ಸಲ ಅಂಬಾರಿ ಹೊತ್ತವನು, ಕಾಡಾನೆ ಹಿಡಿಯುವ ಕೆಲಸದಲ್ಲಿ ಹೋದ. ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅದೇ ವಾರ ಕಾಡಾನೆ ನನ್ನ ಬಾಳೆಯನ್ನೂ ಮುಗಿಸಿತ್ತು. ಎರಡೂ ನಿಜ.

ನಮಗೆ ಈಗ ಆಸರೆ ಅಂದರೆ ಆನೆ ಕಾರ್ಯಪಡೆಯ ಹುಡುಗರು. ಆನೆ ಯಾವ ಎಸ್ಟೇಟ್‌ನಲ್ಲಿದೆ, ಎತ್ತ ಹೊರಟಿದೆ ಅಂತ ಫೋನ್‌ಗೆ ಮೆಸೇಜ್ ಬರುತ್ತದೆ. ಅದನ್ನು ನೋಡಿ ಕೆಲಸದವರನ್ನು ತೋಟಕ್ಕೆ ಕಳಿಸಬೇಕೋ ಬೇಡವೋ ಅಂತ ತೀರ್ಮಾನ. ಆ ಹುಡುಗರಲ್ಲಿ ಡಿಗ್ರಿ ಫೇಲ್ ಆದವನೂ ಒಬ್ಬ ಇದ್ದಾನೆ. ಅವನ ಮೆಸೇಜ್‌ನಿಂದ ನಾನೂ ಉಳಿದಿದ್ದೇನೆ, ಆನೆಯೂ ಉಳಿದಿದೆ. ಯಾಕೆಂದರೆ ನಮ್ಮಲ್ಲಿ ಒಬ್ಬ ಸತ್ತರೆ ಮಾರನೇ ದಿನ ಊರಿಗೆ ಊರೇ ರಸ್ತೆಗೆ ಇಳಿದು "ಹಿಡೀರಿ, ಸಾಗಿಸಿ" ಅನ್ನುತ್ತೆ. ಮಗಳೇ, ಆ ಹುಡುಗನ ಕೆಲಸ ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ?

ಹಿಕ್ಕೆ ಹುಡುಕೋನು

ಯಜಮಾನರೇ, ನಿಮ್ಮ ಮಾತಿಗೆ ಎದುರಾಡುವುದಿಲ್ಲ. ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇಂಥ ಮೆಸೇಜ್ ವ್ಯವಸ್ಥೆ ಮಾಡಿ, ಆಮೇಲೆ ಹಾಸನದ ಕಡೆಯೂ ತಂದಿತು. ಬಂಡೀಪುರ, ನಾಗರಹೊಳೆ ಅಂಚಿನ ಹಳ್ಳಿಗಳಲ್ಲಿ 2015ರಿಂದ ವೈಲ್ಡ್ ಸೇವೆ ಅಂತ ಒಂದು ಕೆಲಸ ನಡೆದಿದೆ. ಬೆಳೆ ಹೋದ, ದನ ಹೋದ ರೈತರು ಫೋನ್ ಮಾಡಿದರೆ ಒಬ್ಬರು ಬಂದು ಫೋಟೊ ತೆಗೆದು, ಪಹಣಿ ಜೋಡಿಸಿ, ಪರಿಹಾರದ ಅರ್ಜಿ ಹಾಕಿಸುತ್ತಾರೆ. ಅವರ ಬ್ಯಾಗಿನಲ್ಲಿ ದುರ್ಬೀನು ಇರಲ್ಲ. ಟೇಪು, ಸ್ಟಾಂಪ್ ಪ್ಯಾಡ್ ಇರುತ್ತೆ.

ತೆಂಗಿನತೋಟದ ಹುಡುಗಿ

ಅಪ್ಪನಿಗೆ ಎಲ್ಲ ಓದಿ ಹೇಳುತ್ತಿದ್ದೇನೆ. "ಆ ಕಾಫಿ ತೋಟದವರು ಹೇಳೋದು ಸರಿ" ಅಂದರು. ಇಷ್ಟು ಹೊತ್ತು ಯಾರ ಮಾತೂ ಅವರಿಗೆ ಸರಿ ಅನ್ನಿಸಿರಲಿಲ್ಲ.

ಮೊಟ್ಟೆ ಲೆಕ್ಕ

ಸ್ವಲ್ಪ ಕಹಿ ಮಾತಾಡುತ್ತೇನೆ. 2022ರ ಎಣಿಕೆಯಲ್ಲಿ ದೇಶದಲ್ಲಿ ಹುಲಿ 3,682. 2019ರ ಜಾನುವಾರು ಗಣತಿಯಲ್ಲಿ ಕೋಳಿ ಮತ್ತಿತರ ಸಾಕುಹಕ್ಕಿ 85 ಕೋಟಿ. ಮೊಟ್ಟೆ ಕೋಳಿಗೆ ಪಂಜರದಲ್ಲಿ ಸಿಗುವುದು ಒಂದು ಎ4 ಹಾಳೆಗಿಂತ ಕಡಿಮೆ ಜಾಗ. ರೆಕ್ಕೆ ಬಿಚ್ಚಲು ಆಗಲ್ಲ. 2017ರಲ್ಲಿ ಕಾನೂನು ಆಯೋಗವೇ ಈ ಬಗ್ಗೆ ವರದಿ ಕೊಟ್ಟಿದೆ. ಪ್ರಾಣಿ ರಕ್ಷಣೆ ಅಂದ ತಕ್ಷಣ ಎಲ್ಲರೂ ಕಾಡಿಗೆ ಓಡುತ್ತಾರೆ. ಕೋಳಿ ಶೆಡ್ಡಿಗೆ ಯಾರು ಹೋಗುತ್ತಾರೆ?

ನಾನು ಆಹಾರ ತಂತ್ರಜ್ಞಾನ ಓದಿದವನು. ಪಂಜರ ಇಲ್ಲದ ಫಾರಂ ಮಾಡುವವರಿಗೆ ಶೆಡ್ ಹೇಗಿರಬೇಕು, ಕೂರಲು ಕೋಲು ಎಷ್ಟು ಎತ್ತರ, ಮೊಟ್ಟೆ ಇಡಲು ಮರೆ ಎಲ್ಲಿ ಅಂತ ಹೇಳುವ ಕೆಲಸ. ಗ್ಲಾಮರ್ ಸೊನ್ನೆ. ಅಮೋನಿಯಾ ವಾಸನೆಗೆ ಕಣ್ಣು ಉರಿಯುತ್ತದೆ. ಒಂದು ಫಾರಂ ಬದಲಾದರೆ ಹತ್ತು ಸಾವಿರ ಕೋಳಿಗೆ ಕಾಲಡಿ ನೆಲ ಸಿಗುತ್ತದೆ.

ದನದ ಡಾಕ್ಟ್ರಮ್ಮ

ನಾನು ಮೊಟ್ಟೆ ತಿನ್ನುವವಳು, ಅದನ್ನೂ ಹೇಳಿಬಿಡುತ್ತೇನೆ. ನಿಮ್ಮ ಮಾತು ಒಪ್ಪುತ್ತೇನೆ, ಪೂರ್ತಿ ಅಲ್ಲ. ಸಾಲ ಮಾಡಿ ಶೆಡ್ ಹಾಕಿದ ರೈತನಿಗೆ "ಪಂಜರ ಕಿತ್ತು ಹಾಕು" ಅಂದರೆ ಅವನು ಕಿತ್ತು ಹಾಕುವುದು ನನ್ನನ್ನು. ಮೊಟ್ಟೆಗೆ ಐವತ್ತು ಪೈಸೆ ಜಾಸ್ತಿ ಕೊಡುವ ಗಿರಾಕಿಯನ್ನು ಮೊದಲು ತೋರಿಸಿ.

ಮೊಟ್ಟೆ ಲೆಕ್ಕ

ಅದೇ ನನ್ನ ಅರ್ಧ ಕೆಲಸ ಡಾಕ್ಟ್ರೇ. ಹೋಟೆಲ್‌ನವರ ಬಾಗಿಲು ಕಾಯುವುದು.

ಕರಿಕೋಟು

ಯಾರೂ ಕಾನೂನು ಅನ್ನಲಿಲ್ಲ, ನಾನೇ ಅನ್ನುತ್ತೇನೆ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಹಿಂಸೆ ಕೊಟ್ಟವನಿಗೆ ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತಾ? ಹತ್ತರಿಂದ ಐವತ್ತು ರೂಪಾಯಿ. ಬೈಪಾಸ್ ಹೋಟೆಲಲ್ಲಿ ಒಂದು ಮಸಾಲೆ ದೋಸೆ ಬರಲ್ಲ.

ಒಂದು ಸಲ ಕಾದ ಎಣ್ಣೆ ಎರಚಿಸಿಕೊಂಡ ನಾಯಿಯ ಪರವಾಗಿ ಠಾಣೆಗೆ ಹೋಗಿದ್ದೆ. ಅಲ್ಲಿದ್ದವರು "ನಾಯಿಗೂ ಎಫ್‌ಐಆರಾ ಮೇಡಂ?" ಅಂತ ಟೀ ತರಿಸಿದರು. ಟೀ ಕುಡಿದು, ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇರುವ ಪುಟ ತೆರೆದು ಮೇಜಿನ ಮೇಲಿಟ್ಟೆ. ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ ಐದು ವರ್ಷದವರೆಗೆ ಸಜೆ. ಅವರು ಓದಿದರು. ಇನ್ನೊಬ್ಬರನ್ನು ಕರೆದು ಓದಿಸಿದರು. ಎರಡು ಗಂಟೆ ಹಿಡಿಯಿತು, ಬರೆದುಕೊಂಡರು. ಸಿಟ್ಟಾಗಿ ಕೂಗಾಡಿದ್ದರೆ ಬರೆಯುತ್ತಿರಲಿಲ್ಲ.

ದೊಡ್ಡ ಕೇಸೂ ಇರುತ್ತವೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಲ್ಲಿಸಿತು, ಕಂಬಳಕ್ಕೂ ಬಿಸಿ ತಟ್ಟಿತು. ರಾಜ್ಯಗಳು ತಿದ್ದುಪಡಿ ತಂದವು, 2023ರಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಅತ್ತ ಇತ್ತ ಎರಡೂ ಕಡೆ ಪ್ರಾಣಿ ವಿಷಯ ಅರೆದು ಕುಡಿದ ವಕೀಲರಿದ್ದರು. ಅಂಥವರು ಇನ್ನೂ ಬಹಳ ಕಡಿಮೆ.

ಲೆಕ್ಕದ ಪುಸ್ತಕ

ನನ್ನದು ಬಿಕಾಂ. ಹಾಗಾಗಿ ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಪ್ರಾಣಿಗಳ ಆಶ್ರಯತಾಣವೊಂದರಲ್ಲಿ ಅಕೌಂಟ್ಸ್ ನೋಡುತ್ತೇನೆ. ನಾಯಿ ಹಿಡಿದು ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಕಿವಿ ತುದಿ ಕತ್ತರಿಸಿ ಗುರುತು ಮಾಡಿ, ಹಿಡಿದ ಬೀದಿಯಲ್ಲೇ ಬಿಡುವುದು ಅಲ್ಲಿನ ಮುಖ್ಯ ಕೆಲಸ. ನಾನು ಸೇರುವ ಮುಂಚಿನ ವರ್ಷ, ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವ ನೋಂದಣಿಯನ್ನು ನವೀಕರಿಸಲು ಯಾರೂ ನೆನಪಿಟ್ಟಿರಲಿಲ್ಲ. ದಾನ ನಿಂತುಹೋಯಿತು. ಅಲ್ಲಿದ್ದವರೆಲ್ಲ ನಾಯಿಗಾಗಿ ಪ್ರಾಣ ಬಿಡುವವರೇ, ಒಬ್ಬರಿಗೂ ಫಾರಂ ತುಂಬಲು ಬರುತ್ತಿರಲಿಲ್ಲ. ಅನ್ನಕ್ಕೆ ಅಕ್ಕಿ ಸಾಲದೆ ಎರಡು ತಿಂಗಳು ಹೊಸ ನಾಯಿ ತಗೊಳ್ಳಲಿಲ್ಲ. ಬಾಗಿಲಿಗೆ ಬಂದವರನ್ನು ವಾಪಸ್ ಕಳಿಸಿದ್ದಾರೆ.

ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ ಸಿಎಸ್‌ಆರ್ ದುಡ್ಡು ಪ್ರಾಣಿ ಕಲ್ಯಾಣಕ್ಕೂ ಬರಬಹುದು, 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲೇ ಇದೆ. ಕೇಳಲು ಬರೆಯಲು ಬರಬೇಕಷ್ಟೇ. ಈಗ ವರ್ಷಕ್ಕೆ ಎರಡು ಅರ್ಜಿ ನಾನು ಬರೆಯುತ್ತೇನೆ. ನಾಯಿ ಮುಟ್ಟುವುದು ಊಟದ ಬಿಡುವಿನಲ್ಲಿ.

ಬೆಂಗಳೂರಿನವರು ಬನ್ನೇರುಘಟ್ಟದ ಕರಡಿ ಕೇಂದ್ರ ನೋಡಿರಬಹುದು. ಕುಣಿಸುತ್ತಿದ್ದ ಕರಡಿಗಳನ್ನು ತಂದು ಇಟ್ಟ ಜಾಗ. 2009ಕ್ಕೆ ದೇಶದಲ್ಲಿ ಕರಡಿ ಕುಣಿಸುವುದು ನಿಂತಿತು. ಕರಡಿ ಕಿತ್ತುಕೊಂಡಿದ್ದರಿಂದ ನಿಲ್ಲಲಿಲ್ಲ. ಕುಣಿಸುತ್ತಿದ್ದ ಖಲಂದರ್ ಮನೆಗಳಿಗೆ ಬೇರೆ ದುಡಿಮೆ, ಮಕ್ಕಳಿಗೆ ಸ್ಕೂಲು ಮಾಡಿಕೊಟ್ಟರು. ಆ ಲೆಕ್ಕ ಬರೆದವರು ಯಾರೋ ಇದ್ದಾರೆ ಅಲ್ವಾ?

ಬೆಂಚ್ ಮೇಲಿದ್ದೇನೆ

ಮೊದಲು ತಮಾಷೆಗೆ ಬರೆದಿದ್ದೆ, ಕ್ಷಮಿಸಿ. ಈಗ ಸೀರಿಯಸ್ ಆಗಿ ಕೇಳುತ್ತೇನೆ. ಹಿಕ್ಕೆ ಸರ್, ಆ ದನ, ಹುಲ್ಲು, ಮುಸುವದ ಫೋಟೊ ಬೇರೆ ಮಾಡುವುದು ಕಂಪ್ಯೂಟರ್‌ಗೆ ಕಲಿಸಬಹುದಲ್ವಾ? ನನಗೆ ಪೈಥಾನ್ ಬರುತ್ತೆ.

ಹಿಕ್ಕೆ ಹುಡುಕೋನು

ಪೈಥಾನ್ ಬರುತ್ತೆ ಅಂತ ಕಾಡಿನವರ ಮುಂದೆ ಹೇಳಬೇಡಿ, ಹೆಬ್ಬಾವು ಹಿಡಿಯಲು ಕಳಿಸುತ್ತಾರೆ. ಮೆಸೇಜ್ ಮಾಡಿ. ನನ್ನ ಹತ್ತಿರ ಎರಡು ಲಕ್ಷ ಫೋಟೊ ಕೊಳೆಯುತ್ತಿವೆ.

ದನದ ಡಾಕ್ಟ್ರಮ್ಮ

ಪುಟ್ಟಾ, ಇವರೆಲ್ಲ ಹೇಳಿದ್ದು ಕೇಳಿ ತಲೆ ಗಿರ್ ಅಂದಿರಬೇಕು. ಒಂದು ಕೆಲಸ ಮಾಡು. ಆಪ್ಷನ್ ಎಂಟ್ರಿಗೆ ಇನ್ನೂ ದಿನ ಇದೆ. ನಿಮ್ಮ ಹತ್ತಿರದ ಪಶು ಆಸ್ಪತ್ರೆಗೆ ಅಪ್ಪನ ಜೊತೆ ಹೋಗಿ, ಒಂದು ವಾರ ಸುಮ್ನೆ ನಿಂತು ನೋಡುತ್ತೇನೆ ಅಂತ ಕೇಳು. ಬೇಡ ಅನ್ನಲ್ಲ. ಹಗ್ಗ ಹಿಡಿಯಲು ಯಾವಾಗಲೂ ಜನ ಕಡಿಮೆ. ಕಚ್ಚುವ ಪ್ರಾಣಿ ಹತ್ತಿರ ಮಾತ್ರ ಹೋಗಬೇಡ. ಕಾಲೇಜು ಸೇರಿದ ಮೇಲೆ ಮೊದಲು ರೇಬೀಸ್‌ನ ಮುಂಜಾಗ್ರತೆ ಲಸಿಕೆ ಹಾಕಿಸಿಕೊಂಡು ಆಮೇಲೆ ನಾಯಿ ಮುಟ್ಟುವುದು.

ತೆಂಗಿನತೋಟದ ಹುಡುಗಿ

ಹೋಗಿ ಬಂದೆ! ಐದು ದಿನ.

ಮೊದಲ ದಿನ ಎಪ್ಪತ್ತು ಕುರಿಗೆ ಜಂತುಹುಳದ ಔಷಧ. ನಾನು ಬಾಯಿ ಹಿಡಿಯುವುದು, ಅವರು ಕುಡಿಸುವುದು. ಕುಡಿದ ಕುರಿ ಯಾವುದು, ಕುಡಿಯದ್ದು ಯಾವುದು ಅಂತ ಹತ್ತೇ ನಿಮಿಷಕ್ಕೆ ಗೊಂದಲ. ಕುರಿಗಾಹಿ ತಾತ ಮಾತ್ರ ಮುಖ ನೋಡಿಯೇ ಹೇಳುತ್ತಿದ್ದರು.

ಮೂರನೇ ದಿನ ಒಂದು ಎತ್ತು. ನೊಗ ತಾಗಿ ಹೆಗಲು ಬಾವು ಬಂದಿತ್ತು. ಡಾಕ್ಟರ್ ಕೊಯ್ದರು. ಕೀವು ಹಾರಿ ಅವರ ಕನ್ನಡಕಕ್ಕೆ ಬಿತ್ತು. ನನಗೆ ಕಣ್ಣು ಕತ್ತಲೆ ಬಂದು ಜಗಲಿ ಮೇಲೆ ಕೂತುಬಿಟ್ಟೆ. ಎತ್ತಿನ ಯಜಮಾನರು ತಮಗೆ ತಂದಿದ್ದ ಮಜ್ಜಿಗೆ ನನಗೆ ಕೊಟ್ಟರು. ಅಪ್ಪ ಪಕ್ಕದಲ್ಲೇ ಇದ್ದರು, ಏನೂ ಅನ್ನಲಿಲ್ಲ. ಎದ್ದು ಹೋಗಿ ಹಗ್ಗ ಹಿಡಿದುಕೊಂಡೆ. ಎರಡನೇ ಸಲ ತೊಳೆಯುವಾಗ ಏನೂ ಆಗಲಿಲ್ಲ.

ಕೊನೆಯ ದಿನ ಒಬ್ಬ ಅಜ್ಜಿ ಬುಟ್ಟಿಯಲ್ಲಿ ಒಂದೇ ಒಂದು ಕೋಳಿ ತಂದಿದ್ದರು, ಕಾಲು ಮುರಿದದ್ದು. ಮುರಿದ ಕಾಲಿಗೆ ಐಸ್‌ಕ್ರೀಂ ಕಡ್ಡಿ ಇಟ್ಟು ಬ್ಯಾಂಡೇಜ್ ಸುತ್ತಿದೆವು. ಮೊಟ್ಟೆ ಲೆಕ್ಕ ಅಣ್ಣ, ನಿಮ್ಮ 85 ಕೋಟಿಯಲ್ಲಿ ಅದೂ ಒಂದು.

ಆಪ್ಷನ್ ಎಂಟ್ರಿಯಲ್ಲಿ ಮೊದಲು ವೆಟರ್ನರಿ, ಹಾಸನ. ಆಮೇಲೆ ಶಿವಮೊಗ್ಗ. ಆಮೇಲೆ ಫಾರೆಸ್ಟ್ರಿ. ಕೊನೆಗೆ ಅಪ್ಪನಿಗಾಗಿ ಒಂದು ಕಂಪ್ಯೂಟರ್ ಸೈನ್ಸ್ ಹಾಕಿದೆ. ಅವರೇ ನೋಡಿ, "ಅದು ಯಾಕೆ, ಸುಮ್ನೆ ಇರಲಿ ಅಂತಾನಾ?" ಅಂದರು.

ಈಗ ಅರ್ಜೆಂಟ್ ಪ್ರಶ್ನೆ. ಐದನೇ ಸೈಜ್ ಗಂಬೂಟ್ ಅರಸೀಕೆರೆಯಲ್ಲಿ ಎಲ್ಲೂ ಇಲ್ಲ. ಎಲ್ಲಾ ಗಂಡಸರ ಸೈಜೇ. ಎಲ್ಲಿ ಸಿಗುತ್ತೆ?

ಕಾಫಿಗಿಡದ ಕೆಳಗೆ

ಸಕಲೇಶಪುರಕ್ಕೆ ಬಾ ಮಗಳೇ. ತೋಟದ ಹೆಣ್ಣಾಳುಗಳಿಗೆ ಅಂತ ಗೊಬ್ಬರದಂಗಡಿಯಲ್ಲೇ ಇಟ್ಟಿರುತ್ತಾರೆ. ಒಂದು ಸೈಜ್ ದೊಡ್ಡದು ತಗೋ, ಒಳಗೆ ಎರಡು ಜೊತೆ ಕಾಲುಚೀಲ ಹಾಕು. ಹೊರಡುವ ಮುಂಚೆ ಫೋನ್ ಮಾಡು, ಆನೆ ಎಲ್ಲಿದೆ ಅಂತ ನೋಡಿ ಹೇಳುತ್ತೇನೆ.